ಸೋಲಿಗರ ಕಾಡು, ಸೋಲಿಗರ ಹಕ್ಕು
ಬಿಳಿಗಿರಿರಂಗನ ಬೆಟ್ಟ, ಚಾಮರಾಜನಗರ ಜಿಲ್ಲೆ

ಈ ಬೆಟ್ಟಗಳು ಸೋಲಿಗ ಆದಿವಾಸಿಗಳ ತಲೆತಲಾಂತರದ ನೆಲೆ. ಒಂದೊಂದು ಕುಲಕ್ಕೂ ಕಾಡಿನಲ್ಲಿ ತನ್ನದೇ ಎಲ್ಲೆಯಿದೆ. ಅದರೊಳಗಿನ ದೇವರು, ಮಾರಿ, ವೀರು, ಕಲ್ಲುಗುಡಿ, ಅಬ್ಬಿ ಎಂಬ ಪವಿತ್ರ ತಾಣಗಳನ್ನು ಪೂಜಿಸಿ ಕಾಯುವ ಹೊಣೆ ಆ ಕುಲದ್ದು. ದೊಡ್ಡಸಂಪಿಗೆ ಮರ ಅವರಿಗೆ ಸಾಕ್ಷಾತ್ ದೈವ. ಸೋಲಿಗರ ಹೆಣ್ಣು ಕುಸುಮಾಲೆಯನ್ನು ವರಿಸಿದ ಬೆಟ್ಟದ ದೇವರು ಬಿಳಿಗಿರಿರಂಗ ಅವರಿಗೆ ಭಾವ.

ಕಾಡಿನ ಕಟ್ಟಳೆ
ಜೇನು ಇಳಿಸುವಾಗ ಹುಳುಗಳಿಗೊಂದು ಪಾಲು ಬಿಡಬೇಕು. ನೆಲ್ಲಿ ಕೊಯ್ಯುವಾಗ ಮೃಗಪಕ್ಷಿಗಳಿಗೂ ಹೊಸ ಸಸಿಗೂ ಕಾಯಿ ಉಳಿಸಬೇಕು. ಹಿಂದೆ ಬೇಸಿಗೆಯ ಆರಂಭದಲ್ಲಿ ತರಗುಬೆಂಕಿ ಹಾಕಿ ಒಣ ಎಲೆ, ಹುಲ್ಲನ್ನಷ್ಟೇ ಸುಡುತ್ತಿದ್ದರು. ಅದು ನಿಂತ ಮೇಲೆ ಲಂಟಾನ ಕಳೆ ಕಾಡನ್ನು ಮುಚ್ಚಿತು ಎನ್ನುತ್ತಾರೆ ಹಿರಿಯರು.

ಹಕ್ಕಿನ ಹಾದಿ
1970ರ ದಶಕದಲ್ಲಿ ಈ ಕಾಡು ಅಭಯಾರಣ್ಯವಾದಾಗ ಬೇಟೆ, ಕಾಡುಬೇಸಾಯ ನಿಂತವು. ಹಲವು ಪೋಡುಗಳು (ಸೋಲಿಗರ ಹಾಡಿಗಳು) ಎತ್ತಂಗಡಿಯಾದವು. ಸೋಲಿಗರು ಸಂಘಟಿತರಾಗಿ ಹೋರಾಡಿದರು. 2006ರ ಅರಣ್ಯ ಹಕ್ಕು ಕಾಯ್ದೆಯಡಿ 2011ರಲ್ಲಿ ಇಲ್ಲಿನ ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕು ದೊರೆಯಿತು. ಈ ಕಾಡು ಹುಲಿ ಸಂರಕ್ಷಿತ ಪ್ರದೇಶವೂ ಹೌದು; ದೇಶದ ಅಂಥ ಪ್ರದೇಶವೊಂದರಲ್ಲಿ ಈ ಮನ್ನಣೆ ಸಿಕ್ಕಿದ್ದು ಇದೇ ಮೊದಲು.

ಇಲ್ಲಿನ ಮರ, ಕಲ್ಲು, ನೀರು ಪೂಜೆಯ ತಾಣಗಳು. ದಯವಿಟ್ಟು ಗೌರವದಿಂದ ನಡೆದುಕೊಳ್ಳಿ, ಪ್ಲಾಸ್ಟಿಕ್ ಬಿಟ್ಟುಹೋಗಬೇಡಿ.