ಬೋರ್ಡು ಚಿಕ್ಕದಾದ ಕಥೆ

ಭಟ್ಕಳ, ಹೊನ್ನಾವರ, ಕುಮಟಾ ಎಂದರೆ ಚರಿತ್ರೆ ಓದಿದವರಿಗೆ ಮೊದಲು ನೆನಪಾಗುವುದು ಕಾಳುಮೆಣಸು. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಎಂದೇ ಕರೆದರು. ಭಟ್ಕಳದ ಬಂದರಿನಲ್ಲಿ ವಿಜಯನಗರಕ್ಕೆಂದು ಕುದುರೆಗಳು ಇಳಿಯುತ್ತಿದ್ದವು. ಕುದುರೆ ಹಡಗಿನ ಜಾಗವನ್ನೆಲ್ಲ ನುಂಗುತ್ತಿತ್ತು. ಮೆಣಸು ಒಂದು ಮೂಲೆಯಲ್ಲಿ ಕೂತು ಹಣ ತರುತ್ತಿತ್ತು. ಕಡಿಮೆ ಜಾಗ ಹಿಡಿಯುವ ಸರಕು ಕಡಿಮೆ ಬೆಲೆಯದ್ದೇನಲ್ಲ ಎಂಬುದು ಈ ಕರಾವಳಿಗೆ ಹಳೆಯ ಪಾಠ.

ಇದೇ ಪಾಠ ಈಗ ಬೇರೊಂದು ಕಡೆ ಬೇಕಾಗಿದೆ. ಕುಮಟಾದಲ್ಲೋ ಹೊನ್ನಾವರದಲ್ಲೋ ಓದುವ ಹುಡುಗನೊಬ್ಬ ನಲವತ್ತು ಐವತ್ತು ಸಾವಿರ ಹೊಂದಿಸಿಕೊಂಡು ಗೇಮಿಂಗ್ ಕಂಪ್ಯೂಟರ್ ಜೋಡಿಸಲು ಹೊರಡುತ್ತಾನೆ. ಮೇಜು ಚಿಕ್ಕದು, ಕೋಣೆಯಲ್ಲಿ ತಮ್ಮನ ಪುಸ್ತಕಗಳೂ ಇವೆ. ಹಾಗಾಗಿ ಅವನ ಕಣ್ಣು ಚಿಕ್ಕ ಮದರ್‌ಬೋರ್ಡಿನ ಮೇಲೆ. ಚಿಕ್ಕದಲ್ಲವೇ, ಅಗ್ಗವೂ ಆಗಿರಬೇಕು ಎಂಬುದು ಅವನ ಎಣಿಕೆ. ಬೋರ್ಡುಗಳ ಚರಿತ್ರೆ ಬೇರೆಯದನ್ನೇ ಹೇಳುತ್ತದೆ.

1981ರಲ್ಲಿ ಐಬಿಎಂ ತನ್ನ ಪಿಸಿಯನ್ನು ತಂದಾಗ ಬೋರ್ಡಿನ ಮೇಲೆ 5 ಸ್ಲಾಟುಗಳಿದ್ದವು. ಪರದೆಗೆ ಒಂದು ಕಾರ್ಡು, ಫ್ಲಾಪಿಗೆ ಇನ್ನೊಂದು, ಹೀಗೆ ಪ್ರತಿ ಕೆಲಸಕ್ಕೂ ಒಂದೊಂದು ಕಾರ್ಡು ಸಿಕ್ಕಿಸಬೇಕಿತ್ತು. 1984ರ ಪಿಸಿ ಎಟಿಯ ಬೋರ್ಡು ಸುಮಾರು 305 ಮಿ.ಮೀ. ಅಗಲ, 350 ಮಿ.ಮೀ. ಉದ್ದ, ಹೆಚ್ಚುಕಡಿಮೆ ಒಂದು ಕುಡಿಬಾಳೆಯಷ್ಟು. ಮುಂದೆ ಆಟಗಳಿಗೆ ಸದ್ದು ಬೇಕೆಂದರೆ 1989ರಲ್ಲಿ ಬಂದ ಸೌಂಡ್ ಬ್ಲಾಸ್ಟರ್‌ನಂಥ ಕಾರ್ಡು, ಇಂಟರ್ನೆಟ್ಟಿಗೆ ಮೋಡೆಮ್ ಕಾರ್ಡು. ಕಾರ್ಡುಗಳಿಗೆ ಜಾಗ ಬೇಕಿದ್ದರಿಂದ ಬೋರ್ಡೂ ದೊಡ್ಡದಾಗಿತ್ತು.

1995ರಲ್ಲಿ ಇಂಟೆಲ್ ಎಟಿಎಕ್ಸ್ ಎಂಬ ಅಳತೆಯನ್ನು ಗೊತ್ತುಮಾಡಿತು: 305 × 244 ಮಿ.ಮೀ. ಅಷ್ಟರಲ್ಲಿ ಸದ್ದು, ನೆಟ್‌ವರ್ಕ್ ಒಂದೊಂದಾಗಿ ಕಾರ್ಡು ಬಿಟ್ಟು ಬೋರ್ಡಿನ ಮೇಲೆಯೇ ಕೂರತೊಡಗಿದ್ದವು. ಸ್ಲಾಟುಗಳಿಗೆ ಕೆಲಸ ಕಡಿಮೆಯಾಯಿತು. 1997ರ ಕೊನೆಗೆ ಬಂದದ್ದೇ ಮೈಕ್ರೋ ಎಟಿಎಕ್ಸ್: 244 ಮಿ.ಮೀ. ಚೌಕ, ಹೆಚ್ಚೆಂದರೆ 4 ಸ್ಲಾಟು. ಅದರ ಉದ್ದೇಶ ಕಂಪ್ಯೂಟರಿನ ಖರ್ಚು ಇಳಿಸುವುದು. ಸ್ಕ್ರೂ ತೂತುಗಳನ್ನು ದೊಡ್ಡ ಬೋರ್ಡಿನ ಲೆಕ್ಕಕ್ಕೇ ಹೊಂದಿಸಿದ್ದರಿಂದ ಹಳೆಯ ಕ್ಯಾಬಿನೆಟ್ಟಿನಲ್ಲೂ ಇದು ಕೂರುತ್ತಿತ್ತು. ಕೆಲವೇ ವಾರಗಳ ನಂತರ, 1998ರ ಜನವರಿ 26ರಂದು, ಕೊಂಕಣ ರೈಲು ಈ ಮೂರು ಊರುಗಳನ್ನು ಹಾದು ಪೂರ್ತಿಯಾಗಿ ಓಡತೊಡಗಿತು.

ಇನ್ನೂ ಚಿಕ್ಕದಾದ ಮಿನಿ ಐಟಿಎಕ್ಸ್ ಹುಟ್ಟಿದ್ದು 2001ರಲ್ಲಿ, ತೈವಾನಿನ ವಿಯಾ ಕಂಪನಿಯಲ್ಲಿ. 170 ಮಿ.ಮೀ. ಚೌಕ, ಒಂದೇ ಸ್ಲಾಟು. ಕಡಿಮೆ ವಿದ್ಯುತ್ತು ಕುಡಿಯುವ ಪುಟ್ಟ ಯಂತ್ರಗಳಿಗಾಗಿ ಮಾಡಿದ್ದು ಅದು. ಆಟದವರು ಅದನ್ನು ಹಿಡಿದದ್ದು ಆಮೇಲೆ. ಬಲವಾದ ಪ್ರೊಸೆಸರಿಗೆ ಕರೆಂಟು ಒದಗಿಸುವ ಭಾಗಗಳನ್ನೆಲ್ಲ ಅಷ್ಟು ಇಕ್ಕಟ್ಟಿನಲ್ಲಿ ಕೂರಿಸುವುದು ಸುಲಭವಲ್ಲ, ಕೊಳ್ಳುವವರೂ ಕಡಿಮೆ. ಹೀಗಾಗಿ ಒಂದೇ ಚಿಪ್‌ಸೆಟ್ಟಿನ ಎರಡು ಬೋರ್ಡು ಹೋಲಿಸಿದರೆ ಸಾಮಾನ್ಯವಾಗಿ ಮಿನಿಯೇ ದುಬಾರಿ. ಅದಕ್ಕೆ ಹೊಂದುವ ಪುಟ್ಟ ಕ್ಯಾಬಿನೆಟ್ಟು, ಪುಟ್ಟ ಎಸ್‌ಎಂಪಿಎಸ್‌ಗಳಿಗೂ ಹೆಚ್ಚು ತೆರಬೇಕು.

ಎರಡೂ ಚಿಕ್ಕ ಬೋರ್ಡುಗಳೇ. ಆದರೆ ಒಂದು ಹುಟ್ಟಿದ್ದು ದುಡ್ಡು ಉಳಿಸಲು, ಇನ್ನೊಂದು ಜಾಗ ಉಳಿಸಲು. ಹುಟ್ಟಿನ ಈ ವ್ಯತ್ಯಾಸ ಇವತ್ತಿನ ಬೆಲೆಯಲ್ಲೂ ಉಳಿದಿದೆ. ಬಜೆಟ್ಟು ಬಿಗಿಯಾಗಿದ್ದವರಿಗೆ ಮೈಕ್ರೋ ಎಟಿಎಕ್ಸ್ ಸಾಕು. ಉಳಿದ ಹಣ ಗ್ರಾಫಿಕ್ಸ್ ಕಾರ್ಡಿಗೆ ಹೋಗಲಿ. ಆಟದ ಓಟ ನಿಂತಿರುವುದು ಬಹುಪಾಲು ಅದರ ಮೇಲೆ. ಪ್ರತಿ ಸೆಮಿಸ್ಟರಿಗೂ ಕಂಪ್ಯೂಟರನ್ನು ಹಾಸ್ಟೆಲ್ಲಿಗೂ ಮನೆಗೂ ಹೊತ್ತು ತಿರುಗುವವರಿಗೆ ಮಾತ್ರ ಮಿನಿಯ ಹೆಚ್ಚುವರಿ ಬೆಲೆ ಸಾರ್ಥಕ.

ಅಳತೆ ಗೊತ್ತಾದ ಮೇಲೆ ನೋಡಬೇಕಾದದ್ದು ಸಾಕೆಟ್ಟಿನ ಆಯಸ್ಸು. 2017ರಲ್ಲಿ ರೈಜನ್ ಪ್ರೊಸೆಸರುಗಳೊಂದಿಗೆ ಮನೆಮಾತಾದ ಎಎಂ4 ಸಾಕೆಟ್ಟಿಗೆ 2024ರಲ್ಲೂ ಹೊಸ ಪ್ರೊಸೆಸರುಗಳು ಬಂದವು. ಅಂಥ ಬೋರ್ಡು ಕೊಂಡವರು ವರ್ಷಗಳ ನಂತರ ಪ್ರೊಸೆಸರೊಂದನ್ನೇ ಬದಲಿಸಿ ಮುಂದುವರಿದರು. 2022ರಲ್ಲಿ ಬಂದ ಎಎಂ5ಕ್ಕೆ ಡಿಡಿಆರ್5 ರ‍್ಯಾಮ್ ಮಾತ್ರ ಆಗುತ್ತದೆ. ಹಳೆಯ ಡಿಡಿಆರ್4 ಅದರಲ್ಲಿ ಕೂರುವುದಿಲ್ಲ. ಹೊಸ ಪ್ರೊಸೆಸರನ್ನು ಹಳೆಯ ಸ್ಟಾಕಿನ ಬೋರ್ಡಿಗೆ ಹಾಕುವುದಾದರೆ ಬಯಾಸ್ ಅಪ್‌ಡೇಟ್ ಆಗಿದೆಯೇ ಎಂದು ಅಂಗಡಿಯಲ್ಲೇ ಕೇಳಬೇಕು. ಎ520, ಎಚ್610ರಂಥ ಅಗ್ಗದ ಚಿಪ್‌ಸೆಟ್ಟುಗಳಲ್ಲಿ ಪ್ರೊಸೆಸರಿನ ವೇಗ ಹೆಚ್ಚಿಸುವ ಸೌಲಭ್ಯವಿಲ್ಲ. ಬಜೆಟ್ಟಿನವನಿಗೆ ಅದರಿಂದ ದೊಡ್ಡ ನಷ್ಟವೇನಿಲ್ಲ.

ಆಮೇಲೆ ನಮ್ಮ ಹವೆ. ವರ್ಷಕ್ಕೆ ಮೂರು ಸಾವಿರ ಮಿ.ಮೀ. ಮೀರಿ ಮಳೆ ಸುರಿಯುವ, ಗಾಳಿಯಲ್ಲಿ ಉಪ್ಪು ತೇಲುವ ಊರುಗಳಿವು. ಕಿಟಕಿಯ ಸರಳಿಗೆ ತುಕ್ಕು ಹಿಡಿಸುವ ಗಾಳಿಯೇ ಸ್ಲಾಟಿನ ಲೋಹದ ತುದಿಗಳನ್ನೂ ಮುಟ್ಟುತ್ತದೆ. ಕಡಲ ಕಡೆಯ ಕಿಟಕಿಯಿಂದ ಕಂಪ್ಯೂಟರನ್ನು ದೂರ ಇಡಬೇಕು. ಮಳೆಗಾಲದಲ್ಲಿ ವಾರಗಟ್ಟಲೆ ಮುಚ್ಚಿಡದೆ ಆಗಾಗ ಚಾಲೂ ಮಾಡಬೇಕು, ಒಳಗಿನ ಬಿಸಿಗೆ ಪಸೆ ಆರುತ್ತದೆ. ಗಾಳಿಯಾಡುವ ಕ್ಯಾಬಿನೆಟ್ಟು ಇಲ್ಲಿ ಶೋಕಿಯಲ್ಲ. ಹೊನ್ನಾವರ ತಾಲೂಕಿನ ಗೇರುಸೊಪ್ಪೆಯಲ್ಲೇ 240 ಮೆಗಾವ್ಯಾಟ್ ವಿದ್ಯುತ್ ತಯಾರಾಗುತ್ತದೆ, ಆದರೂ ಮಳೆಗಾಲದಲ್ಲಿ ತಂತಿಯ ಮೇಲೆ ಮರ ಬಿದ್ದರೆ ಊರು ಕತ್ತಲೆ. ಸರಿಯಾದ ಅರ್ಥಿಂಗ್ ಮತ್ತು ಒಂದು ಯುಪಿಎಸ್‌ಗೆ ಮೊದಲೇ ಹಣ ತೆಗೆದಿಡಬೇಕು.

ಭಟ್ಕಳದ ಎಷ್ಟೋ ಮನೆಗಳವರು ಕೊಲ್ಲಿ ದೇಶಗಳಲ್ಲಿ ದುಡಿಯುತ್ತಾರೆ. ರಜೆಗೆ ಬರುವ ಅಣ್ಣನಿಗೋ ಮಾವನಿಗೋ ದುಬೈಯಿಂದ ಬೋರ್ಡು ತರಲು ಹೇಳುವ ಆಸೆ ಸಹಜ. ಸೂಟ್‌ಕೇಸಿನಲ್ಲಿ ಬಟ್ಟೆಯ ನಡುವೆ ಹಿಡಿಸುವ ವಸ್ತು ತಾನೇ. ಆದರೆ ಅಲ್ಲಿ ಕೊಂಡದ್ದಕ್ಕೆ ಇಲ್ಲಿ ವಾರಂಟಿ ಸಿಗುತ್ತದೆಯೇ ಎಂದು ಮೊದಲು ವಿಚಾರಿಸಬೇಕು. ಕ್ಯಾಬಿನೆಟ್ಟಿನೊಳಗೆ ಏನೇ ಬದಲಿಸಬಹುದು. ಬೋರ್ಡು ಬದಲಿಸಬೇಕಾಗಿ ಬಂದರೆ ಮಾತ್ರ ಎಲ್ಲವನ್ನೂ ಬಿಚ್ಚಬೇಕು, ಕೆಲವೊಮ್ಮೆ ಎಲ್ಲವನ್ನೂ ಹೊಸದಾಗಿ ಕೊಳ್ಳಬೇಕು. ನಲವತ್ತು ಸಾವಿರ ಎರಡನೇ ಸಲ ಹೊಂದದ ಮನೆಯಲ್ಲಿ ಈ ಆಯ್ಕೆಯನ್ನು ಒಂದೇ ಸಲಕ್ಕೆ ಸರಿಯಾಗಿ ಮಾಡಬೇಕಾಗುತ್ತದೆ.