ಕೂಲಿಗಿಂತ ಕಡಿಮೆ ಇರಲೇಬೇಕಾದ ಗಂಜಿ

ಸರ್ಕಾರವೇ ಕೂರಿಸಿ ಉಣ್ಣಿಸಿದರೆ ದುಡಿಯೋಕೆ ಯಾರು ಬರ್ತಾರೆ? ಪುಕ್ಕಟೆ ಅಕ್ಕಿ, ಉದ್ಯೋಗ ಖಾತ್ರಿಯ ಸುದ್ದಿ ಬರೆಯಲು ಹೋದಲ್ಲೆಲ್ಲ ನಮಗೆ ಎದುರಾಗುವ ಈ ಪ್ರಶ್ನೆಗೆ ಇನ್ನೂರು ವರ್ಷ ದಾಟಿದೆ.

1795ರಲ್ಲಿ ಇಂಗ್ಲೆಂಡಿನಲ್ಲಿ ಗೋಧಿ ದುಬಾರಿಯಾಯಿತು, ಹೊಲದ ಕೂಲಿ ಅದರ ಜತೆ ಏರಲಿಲ್ಲ. ಮೇ ತಿಂಗಳಲ್ಲಿ ಬರ್ಕ್‌ಷೈರಿನ ಮ್ಯಾಜಿಸ್ಟ್ರೇಟರು ಸ್ಪೀನ್‌ಹ್ಯಾಮ್‌ಲ್ಯಾಂಡ್ ಎಂಬಲ್ಲಿನ ಪೆಲಿಕನ್ ಛತ್ರದಲ್ಲಿ ಸೇರಿ ಒಂದು ಲೆಕ್ಕ ಹಾಕಿದರು. ದೊಡ್ಡ ಬ್ರೆಡ್ಡಿನ ಬೆಲೆ 1 ಶಿಲ್ಲಿಂಗ್ ಇದ್ದಾಗ ಗಂಡಾಳಿಗೆ ವಾರಕ್ಕೆ 3 ಶಿಲ್ಲಿಂಗ್, ಹೆಂಡತಿ ಮಕ್ಕಳಿಗೆ ತಲಾ ಒಂದೂವರೆ. ಕೂಲಿ ಅಷ್ಟು ಮುಟ್ಟದಿದ್ದರೆ ಕೊರತೆಯನ್ನು ಊರಿನ ತೆರಿಗೆಯಿಂದ ತುಂಬುವುದು. ಕೂಲಿಯನ್ನೇ ನಿಗದಿ ಮಾಡುವ ಅಧಿಕಾರವೂ ಅವರಿಗಿತ್ತು. ಅದನ್ನು ಬಳಸಲಿಲ್ಲ. ಸ್ವಲ್ಪ ಹೆಚ್ಚು ಕೊಡಿ ಎಂದು ಜಮೀನಿನವರಿಗೆ ಶಿಫಾರಸು ಮಾಡಿ ಸುಮ್ಮನಾದರು.

1832ರಲ್ಲಿ ತನಿಖಾ ಆಯೋಗ ಬಂತು. ನಸಾವ್ ಸೀನಿಯರ್ ಮತ್ತು ಎಡ್ವಿನ್ ಚಾಡ್ವಿಕ್ ಬರೆದ ವರದಿಯ ಪ್ರಕಾರ ಪರಿಹಾರವೇ ಕೂಲಿಯನ್ನು ತಗ್ಗಿಸಿತ್ತು, ಜನರನ್ನು ಸೋಮಾರಿಗಳೂ ಮೋಸಗಾರರೂ ಆಗಿಸಿತ್ತು. ಊರೂರಿನಿಂದ ಬಂದ ಉತ್ತರಗಳು ರಾಶಿ ಬಿದ್ದಿದ್ದವು. ಅವನ್ನು ಸರಿಯಾಗಿ ಕೂಡಿ ಕಳೆದು ನೋಡಿದವರಿಲ್ಲ. 1963ರಲ್ಲಿ ಅರ್ಥಶಾಸ್ತ್ರಜ್ಞ ಮಾರ್ಕ್ ಬ್ಲಾಗ್ ಆ ವಾದವನ್ನೇ ತಿರುಗಿಸಿದ. ಕೂಲಿ ಮೊದಲೇ ಕಡಿಮೆಯಿತ್ತು, ಚಳಿಗಾಲದಲ್ಲಿ ಗೋಧಿ ಸೀಮೆಯಲ್ಲಿ ಕೆಲಸವೇ ಇರಲಿಲ್ಲ, ಪರಿಹಾರ ಬಂದದ್ದು ಅದಕ್ಕೆ ಎಂದ.

ಆದರೆ ಕಾನೂನು 1834ರಲ್ಲೇ ಆಗಿಹೋಗಿತ್ತು. ನೆರವು ಪಡೆಯುವವನ ಸ್ಥಿತಿ, ದುಡಿದು ತಿನ್ನುವ ಅತಿ ಬಡವನ ಸ್ಥಿತಿಗಿಂತ ಕೀಳಾಗಿರಬೇಕು ಎಂಬುದು ಅದರ ತತ್ವ. ಗಂಡ, ಹೆಂಡತಿ, ಮಕ್ಕಳನ್ನು ಬೇರೆಬೇರೆ ಇಡುವ ದುಡಿಮೆ ಮನೆಗೂ ಬರಲು ಒಪ್ಪಿದವನೇ ನಿಜವಾದ ನಿರ್ಗತಿಕ. ಕಳ್ಳರನ್ನು ಸೋಸಲು ಅದೇ ಜರಡಿ. ಕೂಲಿಯವನೇ ಅರೆಹೊಟ್ಟೆ ಇದ್ದಾಗ ಅವನಿಗಿಂತ ಕೀಳು ಅಂದರೆ ಏನು? ಆಂಡೋವರ್ ಊರಿನ ದುಡಿಮೆ ಮನೆಯಲ್ಲಿ ಗೊಬ್ಬರಕ್ಕೆ ಮೂಳೆ ಕುಟ್ಟುತ್ತಿದ್ದವರು ಆ ಮೂಳೆಗಳನ್ನೇ ಚೀಪುತ್ತಿದ್ದ ಸಂಗತಿ 1845ರಲ್ಲಿ ಹೊರಬಿತ್ತು.

ಅದೇ ಗುಮಾನಿ ಹಡಗು ಹತ್ತಿ ನಮ್ಮ ಕಡೆಗೂ ಬಂತು. 1877ರ ಬರಗಾಲದಲ್ಲಿ ಬಳ್ಳಾರಿ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಪರಿಹಾರ ಕಾಮಗಾರಿಗೆ ಅಗತ್ಯವಿಲ್ಲದವರೂ ಸೇರಿಕೊಂಡಿದ್ದಾರೆಂದು ರಿಚರ್ಡ್ ಟೆಂಪಲ್ ಗಂಡಾಳಿನ ದಿನದ ಧಾನ್ಯವನ್ನು ಒಂದೂವರೆ ಪೌಂಡಿನಿಂದ 1 ಪೌಂಡಿಗೆ ಇಳಿಸಿದ; ಜತೆಗೆ ಅರ್ಧ ಆಣೆ. ಒಂದು ಪೌಂಡ್ ಅಂದರೆ ಅರ್ಧ ಕೆಜಿಗೂ ಕಡಿಮೆ, ಅದನ್ನು ತಿಂದು ಮಣ್ಣು ಹೊರಬೇಕು. ಪ್ರಾಂತ್ಯದ ಆರೋಗ್ಯಾಧಿಕಾರಿ ಕಾರ್ನಿಷ್ ಇದು ಸಾಲದು ಎಂದು ಪಟ್ಟು ಹಿಡಿದ. ಮೇ ತಿಂಗಳಲ್ಲಿ ಮದ್ರಾಸ್ ಸರ್ಕಾರ ಅಳತೆ ಏರಿಸುವ ಹೊತ್ತಿಗೆ ಬಹಳ ಜನ ಸತ್ತಿದ್ದರು.