ಮುಸ್ಸಂಜೆಯ ತೇರ್ಸ್

ಕಾರವಾರದಿಂದ ಅಂಕೋಲೆಗೆ ಹೋಗುವ ದಾರಿಯಲ್ಲಿ ಹಟ್ಟಿಕೇರಿ ಸಿಕ್ಕುತ್ತದೆ. ಈ ಕರಾವಳಿಯ ಊರುಗಳಲ್ಲಿ ದೀಪ ಹಚ್ಚುವ ಹೊತ್ತಿಗೆ ಕಿವಿಗೊಟ್ಟು ನಡೆದರೆ, ತುಳಸಿಕಟ್ಟೆಯಿರುವ ಅಂಗಳದಿಂದ ಭಜನೆಯ ದನಿಯೂ ಶಿಲುಬೆಯಿರುವ ಅಂಗಳದಿಂದ ಇನ್ನೊಂದು ಬಗೆಯ ದನಿಯೂ ಬರುವುದುಂಟು. ಎರಡನೆಯದು ಹಾಡಲ್ಲ, ಮಾತೂ ಅಲ್ಲ. ಹಿರಿಯರೊಬ್ಬರು ಅರ್ಧ ಹೇಳುತ್ತಾರೆ. ಉಳಿದರ್ಧವನ್ನು ಮನೆಯವರೆಲ್ಲ ಒಂದೇ ಉಸಿರಿನಲ್ಲಿ ಮುಗಿಸುತ್ತಾರೆ. ಕೈಯಲ್ಲಿ ಮಣಿಗಳು ಒಂದೊಂದಾಗಿ ಸರಿಯುತ್ತವೆ. ಕನ್ನಡದಲ್ಲಿ ಇದನ್ನು ಜಪಸರ ಎನ್ನುತ್ತೇವೆ. ಕೊಂಕಣಿ ಮಾತಾಡುವ ಇಲ್ಲಿಯ ಕ್ರೈಸ್ತರಿಗೆ ಇದು ‘ತೇರ್ಸ್’.

ಈ ಸಣ್ಣ ಶಬ್ದದಲ್ಲಿಯೇ ದೊಡ್ಡ ಇತಿಹಾಸವೊಂದು ಅಡಗಿದೆ. ಪೋರ್ಚುಗೀಸ್ ಭಾಷೆಯ ‘ತೆರ್ಸು’ ಎಂಬುದಕ್ಕೆ ಮೂರನೆಯ ಒಂದು ಪಾಲು ಎಂದರ್ಥ. ಯಾವುದರ ಪಾಲು? ಅದನ್ನು ತಿಳಿಯಲು ಮಧ್ಯಯುಗದ ಯುರೋಪಿನ ಮಠಗಳಿಗೆ ಹೋಗಬೇಕು. ಅಲ್ಲಿಯ ಸನ್ಯಾಸಿಗಳು ಬೈಬಲ್ಲಿನ 150 ಕೀರ್ತನೆಗಳನ್ನು ಸರದಿಯಂತೆ ಪಠಿಸುತ್ತಿದ್ದರು. ಓದು ಬಾರದ ಜನ ಏನು ಮಾಡಬೇಕು? ಅವರು ಒಂದೊಂದು ಕೀರ್ತನೆಗೆ ಬದಲಾಗಿ ಯೇಸು ಕಲಿಸಿದ ಪ್ರಾರ್ಥನೆಯನ್ನು ಹೇಳಿದರು. ಕಾಲಕ್ರಮದಲ್ಲಿ ಅದರ ಜಾಗಕ್ಕೆ ಮರಿಯಮ್ಮನ ವಂದನೆ ಬಂತು. ಲೆಕ್ಕ ತಪ್ಪದಿರಲು ದಾರಕ್ಕೆ ಗಂಟು ಹಾಕಿದರು, ಮಣಿ ಪೋಣಿಸಿದರು. ನೂರೈವತ್ತನ್ನು ಒಂದೇ ಸಲಕ್ಕೆ ಹೇಳುವುದು ದುಡಿದು ದಣಿದವರಿಗೆ ಆಗದ ಮಾತು. ಆದ್ದರಿಂದ ಮೂರರಲ್ಲೊಂದು ಪಾಲು, ಎಂದರೆ ಐವತ್ತು, ದಿನದ ರೂಢಿಯಾಯಿತು. ಅದೇ ತೇರ್ಸ್. ಅಕ್ಷರ ಬಲ್ಲವರ ಗ್ರಂಥಕ್ಕೆ ಅಕ್ಷರ ಬಾರದವರು ಕಂಡುಕೊಂಡ ಪ್ರತಿರೂಪವಿದು ಎಂದು ನನಗೆ ತೋರುತ್ತದೆ.

ಮಾತೆಯೇ ಪ್ರತ್ಯಕ್ಷಳಾಗಿ ಸಂತ ದೊಮಿನಿಕನಿಗೆ ಜಪಸರವನ್ನು ಕೊಟ್ಟಳೆಂಬ ಕಥೆ ಬಹು ಪ್ರಸಿದ್ಧವಾದದ್ದು. ಆತ 1221ರಲ್ಲಿ ತೀರಿಕೊಂಡವನು. ಈ ಕಥೆಯನ್ನು ಜನಜನಿತಗೊಳಿಸಿದ ಆಲನ್ ದೆ ಲಾ ರೋಶ್ ಎಂಬ ಸನ್ಯಾಸಿ ಸತ್ತದ್ದು 1475ರಲ್ಲಿ. ನಡುವಣ ಎರಡೂವರೆ ಶತಮಾನದ ಅಂತರವೇ ಇತಿಹಾಸಕಾರರ ಸಂದೇಹಕ್ಕೆ ಕಾರಣ. ಭಕ್ತರಿಗೆ ಆ ಸಂದೇಹ ಬಾಧಿಸಿದಂತಿಲ್ಲ. ವಂದನೆಯ ಮೊದಲ ಭಾಗ ಲೂಕನ ಸುವಾರ್ತೆಯದು. ದೇವದೂತನ ಮಾತೂ ಎಲಿಸಬೇತಳ ಮಾತೂ ಅದರಲ್ಲಿ ಸೇರಿವೆ. ಸಾವಿನ ಗಳಿಗೆಯಲ್ಲಿ ನೆರವು ಬೇಡುವ ಎರಡನೆಯ ಭಾಗ ರೋಮಿನ ಅಧಿಕೃತ ಪ್ರಾರ್ಥನಾ ಗ್ರಂಥದಲ್ಲಿ ನೆಲೆಗೊಂಡದ್ದು 1568ರಲ್ಲಿ. ಮರುವರ್ಷ ಐದನೆಯ ಪಿಯುಸ್ ಪೋಪರು ಜಪಸರಕ್ಕೆ ಒಂದು ಖಚಿತ ರೂಪ ಕೊಟ್ಟರು. 1571ರ ಅಕ್ಟೋಬರ್ 7ರಂದು ಲೆಪಾಂತೊ ಎಂಬಲ್ಲಿ ತುರ್ಕರ ನೌಕಾಬಲ ಸೋತಾಗ ಆ ಗೆಲುವನ್ನು ಜಪಸರದ ಮಹಿಮೆಯೆಂದೇ ಬಗೆದರು. ಅಡುಗೆಮನೆಯ ಕೆಲಸ ಮುಗಿಸಿ ಬಂದು ಕೂರುವ ತಾಯಂದಿರ ಪ್ರಾರ್ಥನೆಗೆ ಯುದ್ಧದ ನಂಟು ಅಂಟಿಕೊಂಡದ್ದು ವಿಚಿತ್ರವೇ ಸರಿ.

ಇನ್ನು ಹೆಸರಿನ ವಿಚಾರ. ಲ್ಯಾಟಿನ್ನಿನ ‘ರೊಸಾರಿಯುಂ’ ಎಂದರೆ ಗುಲಾಬಿಯ ತೋಟ. ನಮ್ಮ ಜಪಮಾಲೆಯ ‘ಜಪ’ವನ್ನು ಜಪಾಕುಸುಮದ, ಎಂದರೆ ದಾಸವಾಳದ, ‘ಜಪಾ’ ಎಂದು ತಪ್ಪಾಗಿ ತಿಳಿದು, ಹೂಮಾಲೆಯೆಂಬ ಅರ್ಥದಲ್ಲಿ ಪಶ್ಚಿಮದವರು ಅನುವಾದಿಸಿಕೊಂಡರೆಂದು ಹತ್ತೊಂಬತ್ತನೆಯ ಶತಮಾನದ ಜರ್ಮನ್ ಪಂಡಿತ ವೇಬರ್ ಊಹಿಸಿದ್ದನು. ಊಹೆ ಸೊಗಸಾಗಿದೆ, ಒಪ್ಪಲು ಮಾತ್ರ ಆಧಾರ ಸಾಲದು. ನಮ್ಮ ಮಾಲೆಗೆ 108 ಮಣಿ, ಮುಸಲ್ಮಾನರ ತಸಬಿಗೆ 99 ಅಥವಾ 33, ಇವರದಕ್ಕೆ ಹತ್ತರ ಐದು ಗುಂಪು. ಬೆರಳಿಗೆ ಕೆಲಸ ಕೊಟ್ಟು ಮನಸ್ಸನ್ನು ಹಿಡಿದಿಡುವ ಉಪಾಯವನ್ನು ಒಬ್ಬರಿಂದೊಬ್ಬರು ಕಲಿತಿರಲೂಬಹುದು, ತಾವು ತಾವೇ ಕಂಡುಕೊಂಡಿರಲೂಬಹುದು.

ಗೋವೆಯ ಮಾರ್ಗವಾಗಿ ಈ ಪ್ರಾರ್ಥನೆ ನಮ್ಮ ಕರಾವಳಿಗೆ ಇಳಿಯಿತು. ಮಂಗಳೂರಿನ ರೊಸಾರಿಯೊ ಇಗರ್ಜಿ 1568ರಷ್ಟು ಹಳೆಯದು. ಹೆಸರೇ ಜಪಸರದ ಮಾತೆಯದು. ಆದರೆ ಕಟ್ಟಡಕ್ಕಿಂತ ಮುಖ್ಯವಾದದ್ದು ಭಾಷೆ. ಇಂಗ್ಲೆಂಡಿನಿಂದ ಗೋವೆಗೆ ಬಂದ ಯೇಸುಸಭೆಯ ತೋಮಸ್ ಸ್ಟೀಫನ್ಸ್ ಎಂಬ ಪಾದ್ರಿ ಕ್ರೈಸ್ತ ಧರ್ಮಬೋಧೆಯನ್ನು ಕೊಂಕಣಿಯಲ್ಲಿ ಬರೆದನು. ಆತ ತೀರಿಕೊಂಡ ಮೇಲೆ, 1622ರಲ್ಲಿ, ರಾಚೋಲಿನಲ್ಲಿ ಅದು ಅಚ್ಚಾಯಿತು. ಪುಸ್ತಕದ ಶೀರ್ಷಿಕೆಯಲ್ಲಿ ಆ ಭಾಷೆಯನ್ನು ‘ಬ್ರಾಹ್ಮಣ ಕಾನಾರಿಂ’ ಎಂದು ಕರೆದಿದೆ. ಕನ್ನಡಿಗರು ಹಿಗ್ಗಬೇಕಾಗಿಲ್ಲ, ಪೋರ್ಚುಗೀಸರು ಕೊಂಕಣಿಯನ್ನೇ ಹಾಗೆ ಕರೆಯುತ್ತಿದ್ದರು. ಅದೇ ಆಡಳಿತ 1684ರಲ್ಲಿ ಕೊಂಕಣಿಯನ್ನು ಬಿಟ್ಟು ಪೋರ್ಚುಗೀಸನ್ನೇ ಆಡಬೇಕೆಂದು ಆಜ್ಞೆ ಹೊರಡಿಸಿತು. ಆಜ್ಞೆ ಕಾಗದದಲ್ಲಿ ಉಳಿಯಿತು. ಕೊಂಕಣಿಯ ಪ್ರಾರ್ಥನೆ ಬಾಯಲ್ಲಿ ಉಳಿಯಿತು.

ಜಪಸರಕ್ಕೆ ಪಾದ್ರಿ ಬೇಕಿಲ್ಲ, ಇಗರ್ಜಿ ಬೇಕಿಲ್ಲ, ಪುಸ್ತಕವೂ ಬೇಕಿಲ್ಲ. 1784ರಲ್ಲಿ ಟಿಪ್ಪುವಿನ ಆಜ್ಞೆಯಂತೆ ಕೆನರಾದ ಕ್ರೈಸ್ತರು ಸೆರೆಯಾಗಿ ಶ್ರೀರಂಗಪಟ್ಟಣಕ್ಕೆ ಸಾಗಿದರು, ಇಗರ್ಜಿಗಳು ನೆಲಸಮವಾದವು. 1799ರಲ್ಲಿ ಬಿಡುಗಡೆಯಾಗುವ ತನಕ ಹದಿನೈದು ವರ್ಷ ಕಳೆಯಿತು. ಮರಳಿ ಬಂದವರು ತಮ್ಮ ನಂಬಿಕೆಯನ್ನು ಹೊತ್ತುಕೊಂಡೇ ಬಂದರು. ಮಣಿಮಾಲೆಯಿಲ್ಲದವನಿಗೂ ಕೈಯಲ್ಲಿ ಹತ್ತು ಬೆರಳಿವೆ. ಆ ವರ್ಷಗಳ ಬಾಳನ್ನು ನೆನೆಯುವಾಗ ಇದನ್ನು ಮರೆಯುವಂತಿಲ್ಲ.

ಕಾರವಾರದ ಎದುರಿನ ಅಂಜದೀವ ದ್ವೀಪದಲ್ಲಿ ಬುಗ್ಗೆಗಳ ಮಾತೆಯ ಹಳೆಯ ಇಗರ್ಜಿಯಿದೆ. ಫೆಬ್ರವರಿ 2ರ ಹಬ್ಬಕ್ಕೆ ಜನ ದೋಣಿಯೇರಿ ಅಲ್ಲಿಗೆ ಹೋಗುತ್ತಿದ್ದರು. ದ್ವೀಪ ನೌಕಾನೆಲೆಯೊಳಗೆ ಸೇರಿದ ಮೇಲೆ ಆ ಯಾತ್ರೆ ನಿಂತಿತು. ಅದೇ ಸೀಬರ್ಡ್ ಯೋಜನೆಗಾಗಿ ಕಾರವಾರ, ಅಂಕೋಲೆ ತಾಲೂಕುಗಳ ಅನೇಕ ಕುಟುಂಬಗಳು, ಯಾವ ಮತದವರೇ ಇರಲಿ, ಹುಟ್ಟಿದ ನೆಲ ಬಿಟ್ಟು ಬೇರೆಡೆ ಮನೆ ಕಟ್ಟಿಕೊಂಡವು. ಇಗರ್ಜಿಗೆ ಹೋಗುವ ದಾರಿ ಮುಚ್ಚಬಹುದು, ಅಂಗಳ ಬದಲಾಗಬಹುದು. ಮಣಿಗಳನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಹೋಗಬಹುದು. ಕಷ್ಟವಿರುವುದು ಬೇರೆ ಕಡೆ. ಅರ್ಧ ಹೇಳುವ ಅಜ್ಜಿ ಮನೆಯಲ್ಲಿದ್ದಾಳೆ. ಉಳಿದರ್ಧ ಹೇಳಬೇಕಾದ ಮಕ್ಕಳು ಮುಂಬಯಿಯಲ್ಲಿ, ಕೊಲ್ಲಿಯ ನಾಡುಗಳಲ್ಲಿ ಇದ್ದಾರೆ. ಊರಲ್ಲಿ ಉಳಿದ ಮೊಮ್ಮಕ್ಕಳು ಶಾಲೆಯಲ್ಲಿ ಕಲಿತ ಕನ್ನಡದಲ್ಲಿಯೋ ಇಂಗ್ಲಿಷಿನಲ್ಲಿಯೋ ಅದನ್ನು ಹೇಳಲು ತೊಡಗಿದರೆ ಅಜ್ಜಿಯ ಕೊಂಕಣಿಗೆ ಉತ್ತರ ಕೊಡುವವರು ಯಾರು?

ಕೊನೆಗೊಂದು ಲೆಕ್ಕದ ಮಾತು. 2002ರಲ್ಲಿ ಎರಡನೆಯ ಜಾನ್ ಪಾಲ್ ಪೋಪರು ಹಳೆಯ ಹದಿನೈದು ಧ್ಯಾನ ವಿಷಯಗಳಿಗೆ ಮತ್ತೆ ಐದನ್ನು ಸೇರಿಸಿ, ಅವನ್ನು ಗುರುವಾರಕ್ಕೆ ಸೂಚಿಸಿದರು. ಅಂದಿನಿಂದ ಪೂರ್ಣ ಜಪಸರಕ್ಕೆ ಇನ್ನೂರು ವಂದನೆ. ಐವತ್ತು ಎಂಬುದು ನಾಲ್ಕನೆಯ ಒಂದು ಪಾಲಾಯಿತು. ಹಟ್ಟಿಕೇರಿಯ ದಾರಿಯ ಮನೆಗಳಲ್ಲಿ ಅದು ಈಗಲೂ ತೇರ್ಸ್ ಆಗಿಯೇ ಇದೆ.